ಟಾಪು

ಕಾರವಾರ ರೋಡಿಗೆ ನನ್ನ ಅಂಗಡಿ.
ಸೀಟ್ ಕವರು, ರೆಗ್ಝಿನ್ನು, ಫೋಮು.
ನಮ್ಮಪ್ಪ ಟಾಂಗಾದ ಛತ್ತು ಹೊಲೀತಿದ್ದ.
ಟಾಂಗಾ ಹ್ವಾದವು, ಸೂಜಿ ಉಳೀತು.

ವರ್ಷಾ ಮಿರಗಾ ಕೂಡೂದಕ್ಕ ಎಂಟ ದಿನಾ ಇರತನಾ
ಎಸ್ತೇರಮ್ಮ ಗುಂಟ್ರಾಳ ಬರತಾಳ,
ಗದಗ ರೋಡಿನ ಕಡಿಂದ, ಕೆಂಪ ಗಾಡಿ ತಗೊಂಡು.
ಗೋವಾದಾಗ ಕಟ್ಟಿದ ಸ್ಟಾರ್ಮು. ಮೈಯೆಲ್ಲಾ ಫೈಬರ್.
ಬಾಗಲಾ ಎರಡ, ಸೀಟು ಎರಡ,
ತೆಲಿ ಮ್ಯಾಲೆ ಅರಿವಿ.
ಆ ಅರಿವಿ ನಂದು.

"ಈ ಸಲಾ ಎಲ್ಲಿ ಸೋರತೈತ್ರಿ?"
"ಸೋರೂದಿಲ್ಲೋ. ಬೆವರತೈತಿ."

ಸ್ಟೇರಿಂಗು ಎಡಕ್ಕ ಎಳೀತೈತಿ.
ಬಲಗಡೆ ಕನ್ನಡಿ ಯಾವದೋ ವ್ಯಾನಿಂದು.
ಪೆಟ್ರೋಲಿನ ಮುಳ್ಳು ಅರ್ಧಾಕ್ಕ ನಿಂತು ಆರ ವರ್ಷಾತು,
ಹಾಲಿನ ಲೆಕ್ಕದ ಕ್ಯಾಲೆಂಡರಿನ್ಯಾಗ
ಕಿಲೋಮೀಟರ್ ಬರದಿಡತಾಳ,
ಅರ್ಧಾ ಲೀಟರ್ ಹಾಲು, ನಲವತ್ಮೂರ ಕಿಲೋಮೀಟರು, ಹಾಲಿಲ್ಲ, ಹಾಲಿಲ್ಲ.
ಕೊಲ್ಲಾಪುರದಾಂವ ಒಬ್ಬ ರೊಕ್ಕಾ ಹಿಡಕೊಂಡ ಬಂದಿದ್ದ,
ಚಾ ಕುಡಿಸಿ ಕಳಿಸಿದ್ಲು.

ಯಾಕ ಅಂತ ನಾ ಒಂದ ಅಂದಾಜ ಮಾಡಿದ್ದೆ.
ಅಪ್ಪ ಹ್ವಾದ ಮ್ಯಾಲೆ ಸಿಕ್ಕ ನೌಕರಿ ಆಕೀದು,
ರೇಲ್ವೆ ವರ್ಕ್‌ಶಾಪಿನ್ಯಾಗ ಇಪ್ಪತ್ತೆಂಟ ವರ್ಷ
ಕ್ರೇನಿನ ಗೂಡಿನ್ಯಾಗ ಕುಂತಾಕಿ.
ಪತ್ರಾಸು ತೆಲಿಗೆ ಹತ್ತೂವಂಗ,
ಬ್ಯಾಸಗ್ಯಾಗ ಹಂಚಿನ ಮ್ಯಾಗಿನ ರೊಟ್ಟಿಗತೆ.
ಅಂಥಾಕಿಗೆ ಛತ್ತ ತಗಿಯೂ ಗಾಡಿ ಬೇಕಾಗೂದ ಸೈ.

ಹೇಳಿದೆ. ನಕ್ಕಳು, ಹಲ್ಲಿನ ಸಂದ್ಯಾಗ ಅಡಕಿ.

"ಅದಲ್ಲೋ ಮೌಲಾ.
ಮ್ಯಾಲಿಂದ ನೋಡಿ ನೋಡಿ ಸಾಕಾಗಿತ್ತು.
ಮಂದಿ ಅಂದರ ಬರೇ ಹಳದಿ ಟೊಪಗಿ.
ಇದರಾಗ ಕುಂತರ ಕುಂಡಿಗೂ ನೆಲಕ್ಕೂ ಒಂದ ಗೇಣು.
ಲಾರಿ ಗಾಲಿ ನಟ್ಟು ಎಣಸಬೌದು.
ಆಡು ಅಡ್ಡ ಬಂದರ
ನನ್ನ ಮಾರೀನ ನೋಡತೈತಿ, ಏನವಾ ಅನ್ನೂವಂಗ.
ಐವತ್ತರಾಗ ಹೊಂಟರ ನೂರು ಅನಸತೈತಿ.
ಕುಂದಗೋಳದ ಟಂಟಂ ನನ್ನ ಹಿಂದ ಹಾಕಿ ಹೋಗತೈತಿ.
ಹೋಗಲಿ.
ಅವಗೇನ ಗೊತ್ತು ನನ್ನ ನೂರು?"

ನನಗೂ ಗೊತ್ತಿರಲಿಲ್ಲ.
ನನಗ ಗೊತ್ತಿದ್ದದ್ದು ಅಳತಿ.
ಮಗಳ ನಿಖಾದ ಜಂಪರಿನ ಅಳತಿ ಚೀಟಿ ಎಲ್ಲೋ ಕಳದೆ, ಬೈಸಿಕೊಂಡೆ.
ಇದರದು ಬಾಯಾಗ ಐತಿ:
ಮುಂದಿನ ಪಟ್ಟಿ, ಹಿಂದಿನ ಗಾಜು, ಕಿವಿಯ ಬಾಗು,
ಎಡಕ್ಕ ಎರಡ ನೂಲು ಹೆಚ್ಚು, ಯಾಕಂದ್ರ
ಗಾಡಿ ಒಂದೀಟ ಸೊಟ್ಟ ಹುಟ್ಟೇತಿ.
ಸೊಟ್ಟ ಇದ್ದದ್ದ ನೆನಪ ಉಳೀತೈತಿ.

ಹ್ವಾದ ಮಿರಗಾಕ್ಕ, ಹೊಲದು ಮುಗಿಸಿದ ಮ್ಯಾಲೆ,
"ಹತ್ತು" ಅಂದ್ಲು.
ಹದಿನಾಲ್ಕ ವರ್ಷ ಹೊಲದೇನಿ, ಒಮ್ಮೆನೂ ಕುಂತಿದ್ದಿಲ್ಲ.
ಅಂಚಟಗೇರಿ ದಾಟೂದಕ್ಕ ಕಲಘಟಗಿ ಕಡಿ ಕರ್ರಗಾತು,
ದಪ್ಪ ಹನಿ, ಎರಿ ಮಣ್ಣಿನ ಝಳ.
"ಟಾಪ್ ಏರಸರೀ!"
"ನಿಂತರ ತೋಯ್ಸಿಕೋತೇವಿ. ಹೊಂಟಿದ್ದರ ಇಲ್ಲ."

ಖರೇನ.
ಗಾಳಿ ಮಳೀನ ಎತ್ತಿ, ಕಂಬಳಿ ಝಾಡಿಸಿದಂಗ
ನಮ್ಮ ತೆಲಿ ಮ್ಯಾಲಿಂದ ಹಿಂದ ಒಗೀತಿತ್ತು.
ನನ್ನ ಹೊಲಿಗಿ ಇರಬೇಕಾದ ಜಾಗಾ ಹುಡುಕಿ ಮ್ಯಾಲೆ ನೋಡಿದೆ.
ಅಲ್ಲಿ ಏನೂ ಇದ್ದಿಲ್ಲ, ಮಾಡ ಓಡತಿತ್ತು.
ಬೆನ್ನ ಹಿಂದ ಮಡಚಿದ ಗಂಟಾಗಿ ಕುಂತಿತ್ತು
ನನ್ನ ನಾಕ ದಿನದ ಕೆಲಸ.
ಆಕಿ ಏನೋ ಒದರಿದ್ಲು, ನಾನೂ ಏನೋ ಒದರಿದೆ.
ಇಬ್ಬರಿಗೂ ಕೇಳಲಿಲ್ಲ.

ಮುಂದ ಎಮ್ಮಿ ಹಿಂಡು.
ನಿಂತ್ವಿ. ಪೂರಾ ತೋಯ್ದ್ವಿ.
ಎಮ್ಮಿ ಕಾಯೂ ಹುಡುಗ ಗೊಬ್ಬರದ ಚೀಲದ ಕೊಪ್ಪಿ ಹಾಕ್ಕೊಂಡಿದ್ದ.
ನಮ್ಮ ಕೊಪ್ಪಿ ನೋಡಿದ, ನಮ್ಮನ್ನ ನೋಡಿದ,
ಏನೂ ಕೇಳಲಿಲ್ಲ.

ತಿರುಗಿ ಬಂದು ಪಾವತಿ ಹರೀವಾಗ ಅಂದ್ಲು:
"ಎಡಮೂಲ್ಯಾಗ ಒಂದ ಬೆರಳು ಬಿಚ್ಚಿ ಬಿಡು.
ಮುಚ್ಚಿಕೊಂಡ ಕುಂತಾಗೂ
ಮಳಿ ಬಂದದ್ದ ಗೊತ್ತಾಗಬೇಕಲಾ."

ಬಿಚ್ಚಿದೆ. ಕೈ ಒಪ್ಪಲಿಲ್ಲ, ಆದರೂ ಬಿಚ್ಚಿದೆ.
ಈಗ ಅಂಗಡಿ ಪತ್ರಾಸಿನ ಮ್ಯಾಲೆ ಮಳಿ ಹೊಡದಾಗೊಮ್ಮೆ
ಮಶೀನು ನಿಲ್ಲಿಸಿ
ಎಡಭುಜಾ ಮುಟ್ಟಿ ನೋಡಕೋತೇನಿ.