ಕೇಳುವ ಕೋಲು

ನಮೂನೆಯ ಮೂರನೆಯ ಸಾಲು: ಮಾರ್ಗದರ್ಶಕರ ಹೆಸರು.
ತ್ಬಿಲಿಸಿಯ ನೀರು ಸರಬರಾಜು ಕಚೇರಿ, ನಾಲ್ಕನೆಯ ಮಹಡಿ.
ಇಂಜಿನಿಯರ್ ಒತಾರ್ ತಲೆಯೆತ್ತದೆ ಹೇಳಿದ್ದ:
'ನನ್ನದೇ ಬರೆದುಕೊ. ಕಾಗುಣಿತ ಬಾಗಿಲ ಮೇಲಿದೆ.'

ಒಂಬತ್ತು ದಿನ ಹಳೆಯ ನಕ್ಷೆಗಳನ್ನು
ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿದೆ.
ಹತ್ತನೆಯ ದಿನ ಕಾಫಿ ಯಂತ್ರ ಕೆಟ್ಟಿತು, ಸರಿಮಾಡಿದೆ.
ಅಲ್ಲಿಯವರೆಗೆ ನಾನು ಮಾಡಿದ ಇಂಜಿನಿಯರಿಂಗ್ ಅಷ್ಟೇ.

ಲಮಾರಾ ಸಿಕ್ಕಿದ್ದು ನೆಲಮಾಳಿಗೆಯಲ್ಲಿ,
ರಾತ್ರಿ ಪಾಳಿಗೆ ಬೂಟು ಬಿಗಿಯುತ್ತಿದ್ದಾಗ.
ಪಕ್ಕದಲ್ಲಿ ಎದೆಯೆತ್ತರದ ಬೀಚ್ ಮರದ ಕೋಲು,
ತುದಿಗೆ ಕಬ್ಬಿಣ, ತಲೆಗೆ ಕಿವಿಯಷ್ಟಗಲದ ಬಟ್ಟಲು,
ಸವೆದು ಸವೆದು ನುಣುಪಾದದ್ದು.
'ಇದು ಏನಕ್ಕೆ?' ಎಂದೆ.
'ಸೋರುವುದಕ್ಕೆ' ಎಂದಳು. ಇನ್ನೊಂದು ಬೂಟು ಬಿಗಿದಳು.
'ನಿದ್ದೆಗೆಡಲು ಬರುತ್ತದಾ ನಿನಗೆ?'

ಸೊಲೊಲಾಕಿಯ ಏರುಬೀದಿ. ರಾತ್ರಿ ಎರಡು ಗಂಟೆ,
ಟ್ಯಾಕ್ಸಿಗಳೂ ನಾಯಿಗಳೂ ಒಟ್ಟಿಗೆ ಸುಮ್ಮನಾಗುವ ಹೊತ್ತು.
ಮರದ ಬಾಲ್ಕನಿಗಳಲ್ಲಿ ಯಾರೋ ಮರೆತ ಬಟ್ಟೆ.
ಆಕೆ ಕೋಲನ್ನು ಕವಾಟದ ಮೇಲೆ ಊರಿ
ಬಟ್ಟಲಿಗೆ ಕಿವಿಯೊತ್ತಿದಳು,
ಪಕ್ಕದ ಮನೆಯ ಜಗಳ ಆಲಿಸುವವಳ ಹಾಗೆ,
ನಾಚಿಕೆಯಿಲ್ಲದೆ.

'ಕೇಳು' ಎಂದು ಕೋಲು ದಾಟಿಸಿದಳು.
ನಾನು ಕೇಳಿದೆ: ಕೊಳವೆ ಯಾವ ಕಾಲದ್ದು,
ಒತ್ತಡ ಎಷ್ಟು, ಎರಕದ್ದೋ ಉಕ್ಕಿನದೋ...
ತುಟಿಗೆ ಬೆರಳಿಟ್ಟಳು.
ಆ ಕೇಳುವುದಲ್ಲ.

ಕಿವಿಗೊಟ್ಟೆ. ಡಬ್, ಡಬ್. ಮೆತ್ತಗೆ, ಬಿಡದೆ.
'ಸಿಕ್ಕಿತು! ಇಲ್ಲೇ ಸೋರುತ್ತಿದೆ!'
ಬೀದಿಯೇ ಎದ್ದೀತು, ಹಾಗೆ ಕೂಗಿದೆ.
ಆಕೆ ನನ್ನ ಮಣಿಕಟ್ಟು ಹಿಡಿದು, ನಾಡಿಗೆ ತಕ್ಕಂತೆ
ಇನ್ನೊಂದು ಕೈಯಿಂದ ನನ್ನ ಭುಜ ತಟ್ಟಿದಳು: ಡಬ್, ಡಬ್.
'ಅದು ನೀನು, ತೇಕ್ಲೆ. ಎಲ್ಲರಿಗೂ ಮೊದಲು
ತಮ್ಮ ರಕ್ತವೇ ಕೇಳುತ್ತದೆ. ಅದನ್ನು ಕಳೆ.
ಆಮೇಲೆ ಅಂಗಡಿಯ ಫ್ರಿಜ್ಜು, ಆಮೇಲೆ ಟ್ರಾನ್ಸ್‌ಫಾರ್ಮರು ಕಳೆ.
ಏನಾದರೂ ಉಳಿದರೆ, ಅದು ನೀರು.'
'ಉಳಿಯದಿದ್ದರೆ?'
'ಮುಂದಿನ ಕವಾಟ.'

ಎಷ್ಟು ಕವಾಟ! ಎಷ್ಟು ಏನೂ ಉಳಿಯದ ಬೀದಿ!
ಬೆಳಗಿನ ಐದಕ್ಕೆ ಒಲೆಯಿಂದ ಆಗಷ್ಟೇ ಕಿತ್ತ ರೊಟ್ಟಿಯನ್ನು
ಅರ್ಧಕ್ಕೆ ಹರಿದು, ಊದುತ್ತಾ ತಿನ್ನುತ್ತಾ ಹೇಳುತ್ತಿದ್ದಳು:
ತೊಂಬತ್ತರ ದಶಕದಲ್ಲಿ ಕರೆಂಟಿರಲಿಲ್ಲ.
ಊರು ಎಷ್ಟು ಮೌನವೆಂದರೆ
ಎರಡು ಬೀದಿಯಾಚೆಯ ಸೋರಿಕೆ ಬರಿಗಿವಿಗೆ ಸಿಗುತ್ತಿತ್ತು.
'ಒಳ್ಳೆಯ ಕಾಲ ಅಂತಲ್ಲ' ಎಂದು ತಕ್ಷಣ ಸೇರಿಸಿದಳು,
'ಸ್ನಾನಕ್ಕೆ ನೀರಿರಲಿಲ್ಲ.'

ನನ್ನನ್ನು ಯಾವಾಗಲೂ ತನ್ನ ಬಲಕ್ಕೆ ನಡೆಸುತ್ತಿದ್ದಳು.
ಹನ್ನೊಂದನೆಯ ರಾತ್ರಿ ಎಡದಿಂದ ಕರೆದೆ,
ತಿರುಗಲಿಲ್ಲ. ಮತ್ತೆ ಕರೆದೆ.
ಕಚೇರಿಗೆ ಗೊತ್ತಿತ್ತೋ ಇಲ್ಲವೋ.
ನನಗೆ ಕಲಿಸಲೆಂದು ಕರೆತಂದಳೋ,
ಇನ್ನೊಂದು ಕಿವಿ ಬೇಕಿತ್ತೋ?
ಅದನ್ನು ಮಾತ್ರ ನಾನು ಕೇಳಲಿಲ್ಲ.

ಹದಿನೇಳನೆಯ ರಾತ್ರಿ, ಸ್ನಾನಗೃಹಗಳ ಹಿಂದಿನ ಓಣಿ.
ನನ್ನ ರಕ್ತ ಕಳೆದೆ. ಬೇಕರಿಯ ಮೋಟಾರು ಕಳೆದೆ.
ಸಣ್ಣ ಉರಿಯಲ್ಲಿ ಎಣ್ಣೆ ಕಾಯುವಂಥ ಸದ್ದೊಂದು
ಉಳಿಯಿತು.
ಲಮಾರಾ ಕಿಸೆಯಿಂದ ನೀಲಿ ಸೀಮೆಸುಣ್ಣ ಕೊಟ್ಟಳು.
'ನೀವೊಮ್ಮೆ ಕೇಳುವುದಿಲ್ಲವೇ?'
'ನೀನು ಕೇಳಿದೆಯಲ್ಲ.'

ಬೆಳಿಗ್ಗೆ ಅಗೆದರು. ಒಂದು ಮೊಳ ತಪ್ಪಿದ್ದೆ.

ನಮೂನೆಯಲ್ಲಿ ಆಕೆಯ ಹೆಸರು ಬರೆದೆ.
ಗುಮಾಸ್ತ ಕೆಂಪು ಗೆರೆ ಎಳೆದ: ಪದವಿ ಇಲ್ಲದವರು ಸಲ್ಲರು.
ಮೇಲೆ ಒತಾರ್‌ನ ರುಜು ಬಂತು, ಅಂದವಾದ ರುಜು.
ನೆಲಮಾಳಿಗೆಗಿಳಿದು, ಕಣ್ಣು ತುಂಬಿಕೊಂಡು, ಹೇಳಿದೆ.

ಆಕೆ ಕೋಲಿನ ಬಟ್ಟಲು ಒರೆಸುತ್ತಿದ್ದಳು.
'ಹೆಸರು ಹಾಗಿರಲಿ. ಬೇರೆ ಬೂಟು ತಗೋ.
ನಿನ್ನ ಎಡಗಾಲಿನದು ಕಿರುಗುಟ್ಟುತ್ತದೆ.
ಮೊದಲ ರಾತ್ರಿಯಿಂದ
ಅದನ್ನೂ ಕಳೆದೇ ಕೇಳುತ್ತಿದ್ದೇನೆ.'