ಕೊಸರು

ಲಿಮಾದ ಬಸ್ಸಿನ ಬಾಗಿಲಿಗೆ ಜೋತುಬಿದ್ದು
ನಿಲ್ದಾಣಗಳ ಹೆಸರು ಕೂಗುವ ವಿಲ್ದೆರ್‌ಗೆ
ಊರೆಂದರೆ ಊಟದ ರೇಟು:
ಆಸ್ಪತ್ರೆ ಹಿಂದೆ ಹನ್ನೆರಡು ಸೋಲ್,
ಕೋರ್ಟಿನೆದುರು ಹದಿನೆಂಟು, ಅದೂ ತಣ್ಣಗೆ,
ಟೈರಂಗಡಿ ಪಕ್ಕ, ಬೋರ್ಡಿಲ್ಲದ ಬಾಗಿಲಲ್ಲಿ
ಒಂಬತ್ತು.

ಅಲ್ಲಿ ದೊನ್ಯಾ ಫೌಸ್ತಿನಾ.
ಸೂಪು, ಅನ್ನ, ಬೆರಳುದ್ದ ಮೀನು,
ಬಣ್ಣವಷ್ಟೇ ಇರುವ ಪಾನಕ.
ಚಿಲ್ಲರೆ ಎಣಿಸಿಟ್ಟು, ಬಟ್ಟಲು ಚಾಚಿ,
ಮೆಲ್ಲಗೆ ‘ಯಾಪಾ’ ಅಂದರೆ
ಸೌಟು ಇನ್ನೊಮ್ಮೆ ಬಾಗುತ್ತದೆ.
ಯಾಪಾ ಅಂದರೆ ಕೊಸರು.
ಬೆಟ್ಟದವರ ಜೊತೆ ಇಳಿದು ಬಂದ ಮಾತು;
ಬಿಲ್ಲಿನಲ್ಲಿ ಅದಕ್ಕೆ ಸಾಲಿಲ್ಲ.

ಭಾನುವಾರ ಮಾತ್ರ ತನ್ನದೇ ಒಲೆ.
ಗುಡ್ಡದ ಮೇಲೆ ನೀರು ಟ್ಯಾಂಕರಿನದು,
ಅಕ್ಕಿಗೆ ಒಂದೇ ತೊಳೆತ,
ಆ ನೀರೂ ಹೂವಿನ ಡಬ್ಬಿಗೆ.
ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಬಿದ್ದು
ಚುಂಯ್ ಅಂದದ್ದೇ ತಡ
ಬೆಂಕಿಪೆಟ್ಟಿಗೆ ಕೇಳುವ ನೆಪದಲ್ಲಿ
ಪಕ್ಕದ ಮನೆಯ ಯೋವಾನಿ ಹಾಜರು.

ಇದ್ದದ್ದು ಒಂದು ಮೊಟ್ಟೆ.
ಹಳದಿಯನ್ನು ಸರಿಯಾಗಿ ಪಾಲು ಮಾಡಲು
ಯಾರಿಂದಾಗಿದೆ?
ಹುಡುಗ ತಟ್ಟೆ ನೆಕ್ಕಿ, ಮುಂದೆ ತಳ್ಳಿ
‘ಯಾಪಾ?’ ಅಂದ.

ಪಾತ್ರೆಯಲ್ಲಿ ಉಳಿದದ್ದು ತಳದ ಸೀಕು:
ಕೆಂಪಗೆ, ಗರಿಗರಿ,
ಬೆಳಗಿನಿಂದ ತನಗೆಂದೇ
ಮನಸ್ಸಲ್ಲಿ ಕಾದಿಟ್ಟದ್ದು.

ಕೆರೆದು ಹಾಕಿದ.
ಚಮಚ ಇಷ್ಟು ಭಾರವೆಂದು
ಯಾರೂ ಹೇಳಿರಲಿಲ್ಲ.

ನಾಳೆ ಫೌಸ್ತಿನಾ ಹತ್ತಿರ
ಎರಡು ಸಲ ಕೇಳಬೇಕು.