ಸಂಭಾವನೆ

ವೇಳಾಪಟ್ಟಿಯಲ್ಲಿ ನನ್ನ ಹೆಸರಿರಬೇಕಾದ ಚೌಕದಲ್ಲಿ
‘ನಂತರ ತಿಳಿಸಲಾಗುವುದು’ ಎಂದಿದೆ.
ಮಂಗಳವಾರ ಒಂಬತ್ತೂವರೆ, ಮಾಧ್ಯಮ ಮತ್ತು ಸಮಾಜ, ಗುಂಪು ನಾಲ್ಕು.
ಹುಡುಗನೊಬ್ಬ ಮೇಲ್ ಹಾಕಿದ್ದಾನೆ, ತಮಾಷೆಗಲ್ಲ:
‘ಮಾನ್ಯ ನಂತರ ತಿಳಿಸಲಾಗುವುದು ಅವರೇ,
ನನಗೆ ಜ್ವರ, ಗಡುವು ಎರಡು ದಿನ ಮುಂದೂಡಿ.’
ಮುಂದೂಡಿದೆ.
ಆ ಅಧಿಕಾರ ನನಗಿತ್ತೋ ಇಲ್ಲವೋ.

ವುಲಂಗಾಂಗ್. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಕಡಿದಾದ ಗುಡ್ಡ,
ನಡುವೆ ಸಪೂರ ಊರು.
ತೆಂಕಲಿಗೆ ಉಕ್ಕಿನ ಕಾರ್ಖಾನೆ ಹೊಗೆಬಿಡುತ್ತ ಕೂತಿದೆ
ಕಾಯಂ ನೌಕರನ ಹಾಗೆ, ಯಾರನ್ನೂ ಕೇಳದೆ.

ಇಲೆನಿ ಹತ್ತೊಂಬತ್ತು ವರ್ಷದಿಂದ ಇಲ್ಲಿ
ತಾತ್ಕಾಲಿಕ.
ಅವಳ ಆಫೀಸು ಕಾರಿನ ಡಿಕ್ಕಿ:
ಒಣಗಿದ ಮಾರ್ಕರು, ಒಂದು ಜೊತೆ ಒಳ್ಳೆಯ ಷೂ,
ಮೂರು ವಿಶ್ವವಿದ್ಯಾಲಯದ ಪಾರ್ಕಿಂಗ್ ಚೀಟಿ.
ಈಗಿನ ಮುಖ್ಯಸ್ಥ ಅವಳ ಕೈಯಲ್ಲೇ ಓದಿದವನು.
ಕಾರಿಡಾರಿನಲ್ಲಿ ಸಿಕ್ಕರೆ ‘ಮುಂದಿನ ಸಲ ಏನಾದರೂ ನೋಡೋಣ’ ಅನ್ನುತ್ತಾನೆ.
ಮೂಗಿಗೆ ತುಪ್ಪ.
ನಾಲಿಗೆ ಚಾಚಿ ಚಾಚಿ ಇಲೆನಿಗೆ ಐವತ್ತಾರು.

ಬೋರ್ಡಿನ ಮೇಲೆ ನಾನು ಬರೆಯುತ್ತೇನೆ:
ಕಳಿಸುವವರು, ಸಂದೇಶ, ಪಡೆಯುವವರು,
ನಡುವೆ ಒಂದು ಅಂಕುಡೊಂಕು ಗೆರೆ: ಗದ್ದಲ.
ನನ್ನ ಕರಾರು ಪತ್ರ ಬರುವುದು ಶುಕ್ರವಾರ ಸಂಜೆ
‘ಉತ್ತರಿಸಬೇಡಿ’ ಎಂಬ ವಿಳಾಸದಿಂದ.
ಸಂವಹನ ವಿಭಾಗ.

ಒಂದು ಪ್ರಬಂಧಕ್ಕೆ ಇಪ್ಪತ್ತು ನಿಮಿಷದ ದುಡ್ಡು.
ಅಡುಗೆಮನೆಯ ಗಡಿಯಾರ ತಿರುಗಿಸಿ ಕೂರುತ್ತೇನೆ,
ಮೊಟ್ಟೆ ಬೇಯಲು ಇಟ್ಟವಳಂತೆ.
ಬಿಲ್ಯಾನಾ ಬರೆದಿದ್ದಾಳೆ, ಅವಳ ತಾತನ ಬಗ್ಗೆ:
ಮೆಸಿಡೋನಿಯಾದಿಂದ ಬಂದು ಕುಲುಮೆಯ ಮುಂದೆ ಮೂವತ್ತು ವರ್ಷ.
ಆ ಸದ್ದಿನಲ್ಲಿ ಯಾವ ಭಾಷೆಯೂ ನಡೆಯುತ್ತಿರಲಿಲ್ಲ,
ಅವರವರೇ ಬೆರಳಲ್ಲಿ ಮಾತು ಕಟ್ಟಿಕೊಂಡರು.
ಈಗ ಕಿವಿ ಪೂರ್ತಿ ಹೋಗಿದೆ.
ಊಟಕ್ಕೆ ಕೂತಾಗ, ತಟ್ಟೆಗೆ ಇನ್ನೂ ಬಡಿಸಲು ಹೋದರೆ
ಮೂರು ಬೆರಳು ಎತ್ತುತ್ತಾನಂತೆ:
ಕ್ರೇನ್ ನಿಲ್ಲಿಸಿ.

ಗಡಿಯಾರ ಹೊಡೆಯಿತು. ನಾನಿನ್ನೂ ಎರಡನೇ ಪುಟದಲ್ಲಿದ್ದೆ.
ಉಳಿದ ನಾಲ್ಕು ಪುಟ
ನನ್ನ ಖರ್ಚಿನಲ್ಲಿ ಓದಿದೆ.

ಏಳನೇ ಕ್ಲಾಸಿನಲ್ಲಿ ಗುರುಸಿದ್ದಮ್ಮ ಟೀಚರು
ಸಂಭಾವನಾರ್ಥಕ ಕಲಿಸಿದ್ದರು.
ಬಂದಾನು, ಬಂದಾಳು, ಬಂದೇನು.
ಮಳೆ ಬಂದೀತು, ಕೊಡೆ ತಗೊ.
ಇಂಗ್ಲಿಷಿನಲ್ಲಿ ಇದಕ್ಕೆ ಪದ ಪದ ಪೋಣಿಸಬೇಕು,
ನಮಗೆ ಬಾಲ ಒಂದನ್ನು ಬಗ್ಗಿಸಿದರೆ ಸಾಕು:
ಕರೆದಾರು.
ಬಿಡಿಸಿ ನೋಡಿ, ಒಳಗೆ ‘ಕರೆದ’ ಇದೆ.
ಯಾರೂ ಕರೆದಿಲ್ಲ.
ನನ್ನ ಕರಾರೆಲ್ಲ ಈ ರೂಪದಲ್ಲೇ ಇದೆ, ಅವರಿಗದು ಗೊತ್ತಿಲ್ಲ:
ಮಕ್ಕಳು ಸಾಕಷ್ಟು ಸೇರಿಯಾರು, ತರಗತಿ ನಡೆದೀತು,
ನಾನು ಇದ್ದೇನು.

ಗಂಟೆಗಿಷ್ಟು ಎಂದು ಕೈಗಿಡುವ ದುಡ್ಡಿಗೂ
ನಮ್ಮಲ್ಲಿ ಅದೇ ಹೆಸರು, ಸಂಭಾವನೆ.
ಎರಡಕ್ಕೂ ಒಂದೇ ಶಬ್ದ ಇಟ್ಟವರು
ಪಾಠ ಹೇಳಿ ಹೊಟ್ಟೆ ಹೊರೆದವರೇ ಇರಬೇಕು.

ಜೂನ್. ಐದಕ್ಕೇ ಕತ್ತಲು. ಹದಿಮೂರನೇ ವಾರ ಮುಗಿಯಿತು.
ನಡುರಾತ್ರಿಗೆ ಗ್ರಂಥಾಲಯದ ಕಾರ್ಡು ಸಾಯುತ್ತದೆ,
ಹನ್ನೊಂದು ನಲವತ್ತರವರೆಗೂ ಲೇಖನಗಳನ್ನು ಇಳಿಸಿಕೊಂಡೆ,
ನಲ್ಲಿ ನಿಲ್ಲುವ ಮುಂಚೆ ಕೊಡ ತುಂಬಿಕೊಳ್ಳುವ ಹಾಗೆ,
ಬೇಕಾದ್ದು ಬೇಡದ್ದು ಎಲ್ಲ.

ಆಮೇಲೆ ಬಿಲ್ಯಾನಾಳ ಮೇಲ್, ನನ್ನ ಸ್ವಂತ ವಿಳಾಸಕ್ಕೆ
(ಹೇಗೆ ಹುಡುಕಿದಳೋ):
ರೇಡಿಯೋದವರು ಕೆಲಸಕ್ಕೆ ಕರೆದಿದ್ದಾರೆ,
ನನ್ನ ಬಗ್ಗೆ ನಾಲ್ಕು ಮಾತು ಬರೆಯುತ್ತೀರಾ?
ಫಾರಮ್ಮು ತೆರೆದೆ. ಹೆಸರು, ಬರೆದೆ.
ಹುದ್ದೆ.
‘ಅವಳಿಗೆ ಪಾಠ ಹೇಳಿದ್ದೇನೆ’ ಎಂದು ಒತ್ತಿದೆ.
ಭೂತಕಾಲ, ಇದರಲ್ಲಾದರೂ ಸಂಶಯವಿಲ್ಲ.
ಕೆಂಪಕ್ಷರ ಬಂತು: ಪಟ್ಟಿಯಿಂದ ಆರಿಸಿ.
ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಉಪನ್ಯಾಸಕ,
ಕೆಳಗೆ, ಇನ್ನೂ ಕೆಳಗೆ,
ಇತರೆ.

ಇತರೆ ಒತ್ತಿದೆ.
ಪುಟ್ಟದೊಂದು ಕಿಟಕಿ ತೆರೆಯಿತು, ಇನ್ನೂರು ಅಕ್ಷರಕ್ಕೆ ಜಾಗ.
ತಾತನ ಬೆರಳಿನಿಂದ ಶುರುಮಾಡಿದೆ.